ತೆಗೆದಿಟ್ಟ ಕೊಕ್ಕೆಗಳು

ನನ್ನ ಹೆಂಡತಿ ಕುವೈತಿನಲ್ಲಿ ನರ್ಸ್. ಎರಡೇ ವರ್ಷ ಎಂದು ಹೋದವಳು ಕರಾರನ್ನು ಒಮ್ಮೆ ಮುಂದುವರಿಸಿದಳು, ಆಮೇಲೆ ಮತ್ತೊಮ್ಮೆ. ಮೂಡಬಿದಿರೆಯ ಮನೆಯಲ್ಲಿ ನಾನೊಬ್ಬನೇ. ಭಾನುವಾರ ಬಂತೆಂದರೆ ಸ್ಕೂಟರ್ ಹತ್ತಿ ಬಂಟ್ವಾಳಕ್ಕೆ ಹೋಗಿ ಹೊಳೆಗೆ ಗಾಳ ಹಾಕುತ್ತೇನೆ. ಎರೆಹುಳ ಅಲ್ಲ, ಅವಳೇ ಅಲ್ಲಿಂದ ಕಳಿಸಿದ ಪ್ಲಾಸ್ಟಿಕ್ ಮೀನುಗಳು. ಒಂದೊಂದರ ಹೊಟ್ಟೆಗೂ ಬಾಲಕ್ಕೂ ಮೂರು ಮೊನೆಯ ಕೊಕ್ಕೆ. ಕಚ್ಚಿದ ಮೀನು ತಪ್ಪಿಸಿಕೊಳ್ಳುವ ಮಾತೇ ಇಲ್ಲ.

ಸಿಕ್ಕಿದ್ದನ್ನು ಏನು ಮಾಡುವುದು ಮಾರಾಯ್ರೆ? ಆಚೆ ಮನೆಯವರು ಜೈನರು, ಅವರ ಅಂಗಳದ ಕಡೆ ಮೀನು ತೊಳೆದ ನೀರೂ ಹರಿಯುವಂತಿಲ್ಲ. ಈಚೆ ಮನೆಯವನು ಅಯ್ಯಪ್ಪನ ಮಾಲೆ ಹಾಕಿದ್ದ. ಅವಳಿದ್ದಾಗ ತಲೆಯ ತುಂಡಿಗೆ ನಮ್ಮಿಬ್ಬರಲ್ಲಿ ಜಗಳವೇ ಆಗುತ್ತಿತ್ತು. ಈಗ ಅದೇ ಸಾರನ್ನು ಬಿಸಿ ಮಾಡಿ ಮಾಡಿ ಉಂಡು, ಉಳಿದದ್ದು ಬೆಕ್ಕಿಗೆ. ಒಂದು ಮಧ್ಯಾಹ್ನ ಬಟ್ಟಲಿನ ಮುಂದೆ ಕೂತಾಗ ಅಳು ಬಂತು. ಹೇಳಲಿಕ್ಕೆ ನಾಚಿಕೆ ಎಂಥದು, ಬಂತು.

ಮುಂದಿನ ವಾರ ಸಿಕ್ಕಿದ್ದನ್ನು ಬಿಟ್ಟುಬಿಡುವ ಎಂದುಕೊಂಡೆ. ಆ ದರಿದ್ರ ಕೊಕ್ಕೆ ಬಿಡಬೇಕಲ್ಲ! ಒಂದು ಮೊನೆ ತುಟಿಯಲ್ಲಿ, ಇನ್ನೊಂದು ಕಿವಿರಿನಲ್ಲಿ. ಇಕ್ಕಳದಿಂದ ಬಿಡಿಸುವಷ್ಟರಲ್ಲಿ ಮೀನು ನನ್ನ ಕೈಯಲ್ಲೇ ಸತ್ತಿತು.

ಅಂದೇ ಅಂಗಡಿಯಿಂದ ಒಂದೇ ಮೊನೆಯ ಕೊಕ್ಕೆ ತಂದೆ. ಅದರಲ್ಲೂ ಎಡವಟ್ಟು. ಅದು ದಾರ ಕಟ್ಟುವ ಸಾದಾ ಕೊಕ್ಕೆ. ಪ್ಲಾಸ್ಟಿಕ್ ಮೀನಿಗೆ ಕೊಕ್ಕೆ ತೂಗುಹಾಕುವ ಪುಟ್ಟ ಬಳೆ ಇರುತ್ತದಲ್ಲ, ಅದಕ್ಕೆ ಸಿಕ್ಕಿಸಿದರೆ ಮೊನೆ ಅಡ್ಡಕ್ಕೆ ತಿರುಗಿ ನಿಲ್ಲುತ್ತದೆ. ನೀರಿಗೆ ಎಸೆದು ಎಳೆದರೆ ಆ ಪ್ಲಾಸ್ಟಿಕ್ ಮೀನು ಕುಡುಕನ ಹಾಗೆ ಒಂದು ಬದಿಗೆ ವಾಲಿಕೊಂಡು ಬಂತು. ಕೊನೆಗೆ ಬಳೆಗೆ ಸಿಕ್ಕಿಸುವ ಕಣ್ಣು ನೇರ ಇರುವ ಕೊಕ್ಕೆಗಳನ್ನು ಆನ್‌ಲೈನಿನಲ್ಲಿ ತರಿಸಿದೆ. ಹೊಟ್ಟೆಯದರ ಮೊನೆ ಮುಂದಕ್ಕೆ, ಬಾಲದ್ದು ಮೇಲಕ್ಕೆ. ಈಗ ಕಚ್ಚಿದ ಮೀನು ನೀರಲ್ಲಿರುವಾಗಲೇ ಇಕ್ಕಳ ಸ್ವಲ್ಪ ತಿರುಗಿಸಿದರೆ ಸಾಕು, ಹೊರಟೇ ಹೋಗುತ್ತದೆ. ಬರಿಗೈಯಲ್ಲಿ ಮನೆಗೆ ಬರುವಾಗ ಒಂದು ಬಗೆಯ ನಿರಾಳ.

ಒಂದು ಸಂಜೆ ಅವಳ ವಿಡಿಯೋ ಕಾಲ್ ಬಂದಾಗ ಗಾಳದ ಪೆಟ್ಟಿಗೆ ಎದುರಿಗೆ ತೆರೆದೇ ಇತ್ತು.

"ಇದೆಂಥ, ಕೊಕ್ಕೆ ಬೇರೆ ಉಂಟಲ್ಲ?"

"ಮೀನು ಬಿಡ್ಲಿಕ್ಕೆ ಸುಲಭ ಆಗ್ತದೆ. ತಿನ್ಲಿಕ್ಕೆ ಇಲ್ಲಿ ಯಾರಿದ್ದಾರೆ?" ಎಂದೆ, ಸ್ವಲ್ಪ ಜಂಬದಿಂದಲೇ.

ಅವಳ ಮುಖ ಅಲುಗಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ.

"ಅಂದ್ರೆ, ನಾನಿನ್ನು ಬರುವುದಿಲ್ಲ ಅಂತ ನೀವೇ ತೀರ್ಮಾನ ಮಾಡಿದ್ರಾ?"

ಛೆ, ಹಾಗಲ್ಲ ಎಂದು ತಕ್ಷಣ ಹೇಳಬೇಕಿತ್ತು. ಹೌದೋ ಅಲ್ಲವೋ ನನಗೇ ಗೊತ್ತಿರಲಿಲ್ಲ.

"ತೆಗೆದದ್ದನ್ನು ಬಿಸಾಡಿದ್ರಾ?"

"ಇಲ್ಲ."

"ಬಿಸಾಡ್ಬೇಡಿ," ಎಂದಳು. ಅಷ್ಟೇ.

ಆ ಮೂರು ಮೊನೆಯ ಕೊಕ್ಕೆಗಳನ್ನೆಲ್ಲ ಉಪ್ಪಿನಕಾಯಿಯ ಹಳೆಯ ಬಾಟಲಿಯಲ್ಲಿ ಹಾಕಿ, ನಾಲ್ಕು ಹನಿ ತೆಂಗಿನೆಣ್ಣೆ ಬಿಟ್ಟು, ಅಡುಗೆಮನೆಯಲ್ಲಿ ಇಟ್ಟಿದ್ದೇನೆ. ಅವಳು ಯಾವಾಗ ಬರುತ್ತಾಳೆಂದು ನಾನು ಕೇಳುವುದಿಲ್ಲ, ಅವಳು ಹೇಳುವುದಿಲ್ಲ. ಆದರೆ ಫೋನ್ ಇಡುವ ಮೊದಲು ಪ್ರತಿ ಸಲ ವಿಚಾರಿಸುತ್ತಾಳೆ, "ಕೊಕ್ಕೆಗೆ ತುಕ್ಕು ಹಿಡಿಲಿಲ್ಲ ಅಲ್ಲ?"

ಈ ಮಳೆಗಾಲದಲ್ಲಿ ಅಲ್ಲಲ್ಲಿ ಹಿಡಿಯಲು ಶುರುವಾಗಿದೆ.

"ಇಲ್ಲ," ಎನ್ನುತ್ತೇನೆ. "ಹಾಗೇ ಉಂಟು."