ಫಿನ್‌ಲ್ಯಾಂಡಿನ ಇಕ್ಕಾಲಾ

ನಾನು ಚಿಕ್ಕವನಿದ್ದಾಗ ಕ್ರೂರಿಯಾಗಿದ್ದೆ. ಹೌದು ಮಕ್ಕಳೇ, ನಿಮಗೆ ಬಾಳೆಹಣ್ಣು ಸುಲಿದುಕೊಡುವ ಈ ತಾತನೇ. ಆಗ ನಾವು ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್ ಎಂಬ ಊರಿನಲ್ಲಿದ್ದೆವು. ಅಪ್ಪ ಚಿಪ್ ಇಂಜಿನಿಯರು. ಯುರೋಪಿನ ಶಾಸ್ತ್ರೀಯ ಸಂಗೀತದ ಹಳೆಯ ಸಿ.ಡಿ.ಗಳನ್ನು ಕೂಡಿಹಾಕುವ ಹುಚ್ಚು ಅವರಿಗೆ. ಎಲ್ಲರೂ ಬಲ್ಲ ಹೆಸರುಗಳು ಬೇಡ. ಯಾರೂ ಕೇಳಿರದ ಸಂಗೀತಗಾರನೊಬ್ಬ ಸಿಕ್ಕರೆ ಅಂದು ಅವರಿಗೆ ಹಬ್ಬ.

ಆ ಹಬ್ಬಕ್ಕೆ ನನ್ನ ಮತ್ತು ಅಕ್ಕನ ಶನಿವಾರಗಳು ಬಲಿಯಾಗುತ್ತಿದ್ದವು. ಹ್ಯೂಸ್ಟನ್‌ವರೆಗೆ ಮೂರು ಗಂಟೆ ಡ್ರೈವ್. ಬಿಸಿಲಿಗೆ ಕಾದ ಸೀಟು ತೊಡೆಗೆ ಅಂಟುತ್ತಿತ್ತು. ಕಾರಿನ ತುಂಬ ಪುಳಿಯೋಗರೆ ವಾಸನೆ. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಮುಗ್ಗಲು ರಟ್ಟಿನ ಪೆಟ್ಟಿಗೆಗಳ ನಡುವೆ ಅಪ್ಪ ಮಂಡಿಯೂರಿ ಒಂದೊಂದೇ ಸಿ.ಡಿ. ಡಬ್ಬಿ ತಿರುವಿ ನೋಡುತ್ತಿದ್ದರು. ನನಗಾಗ ಒಂಬತ್ತು ವರ್ಷ. ಒಮ್ಮೆ ಇದೇ ಕಾರಣಕ್ಕೆ ಗೆಳೆಯನ ಬರ್ತ್‌ಡೇ ಪಾರ್ಟಿ ತಪ್ಪಿತು. ಅಪ್ಪನ ಮೇಲೆ ಸೇಡು ತೀರಿಸಿಕೊಳ್ಳಲೇಬೇಕೆಂದು ನಾನೂ ಅಕ್ಕನೂ ತೀರ್ಮಾನಿಸಿದೆವು.

ಅಕ್ಕ ಸ್ಕೂಲಿನಲ್ಲಿ ವಯಲಿನ್ ಕಲಿಯುತ್ತಿದ್ದಳು. ತಂತಿ ಶ್ರುತಿ ಮಾಡುವಾಗಿನ ಕಿರ್ರೆನ್ನುವ ಸದ್ದನ್ನು ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ನಿಧಾನಗೊಳಿಸಿ, ಸಿ.ಡಿ. ಮಾಡಿದಳು. ಮೇಲೆ ಹಿಮ ಬಿದ್ದ ಕಾಡಿನ ಚಿತ್ರ. ಸಂಗೀತಗಾರನ ಹೆಸರು ನಾನು ಕೊಟ್ಟೆ: ಇಕ್ಕಳ. ಅಮ್ಮ ಬಿಸಿ ಪಾತ್ರೆ ಇಳಿಸುವ ಇಕ್ಕಳ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ‘ಳ’ ಉಳಿಯುವುದಿಲ್ಲವಲ್ಲ, ಯಾವುದೋ ಚಳಿದೇಶದವನ ಹೆಸರಿನಂತೆ ಕಾಣುತ್ತಿತ್ತು.

ಮುಂದಿನ ಶನಿವಾರ ಅಪ್ಪ ಕೊಂಡ ಸಿ.ಡಿ.ಗಳಿದ್ದ ಅಂಗಡಿಯ ಚೀಲದೊಳಗೆ ಅದನ್ನು ತೂರಿಸಿದೆವು. ಅಲ್ಲಿಂದ ನೇರ ಅಪ್ಪನ ಗೆಳೆಯ ಹ್ಯೂಸ್ಟನ್ ಅಂಕಲ್ ಮನೆಗೆ. ಡಲ್ಲಾಸ್‌ನಿಂದ ಇನ್ನೊಬ್ಬ ಅಂಕಲ್ ಬಂದಿದ್ದರು. ಅವರಿಗೂ ಇದೇ ಹುಚ್ಚು. ಜೊತೆಗೆ ಅಪ್ಪನ ಉಚ್ಚಾರಣೆ ತಿದ್ದುವ ಚಟ. ಅವರೆದುರು ಒಮ್ಮೆಯಾದರೂ ಗೆಲ್ಲಬೇಕೆಂಬ ಆಸೆ ಅಪ್ಪನಿಗಿತ್ತು. ಅದು ನಮಗೆ ಚೆನ್ನಾಗಿ ಗೊತ್ತಿತ್ತು.

“ಯಾರ್ರೀ ಇದು ಇಕ್ಕಾಲಾ? ನಾನು ಕೇಳೇ ಇಲ್ವಲ್ಲ” ಎಂದರು ಡಲ್ಲಾಸ್ ಅಂಕಲ್, ಚೀಲ ತಡಕುತ್ತ.

ಅಪ್ಪ ಡಬ್ಬಿಯ ಮೇಲಿನ ಹಿಮದ ಕಾಡನ್ನು ನೋಡಿದರು. ತಾವೇ ಆರಿಸಿದ್ದಿರಬೇಕು ಎಂದುಕೊಂಡರೇನೋ. “ಫಿನ್‌ಲ್ಯಾಂಡ್‌ನವನು. ಅರ್ಲಿ ವರ್ಕ್ಸ್ ಎಲ್ಲಾ ಕೇಳಿದೀನಿ. ತುಂಬಾ ಅಂಡರ್‌ರೇಟೆಡ್” ಎಂದರು.

ಸಿ.ಡಿ. ಹಾಕಿದರು. ಅಪ್ಪ ಕಣ್ಣು ಮುಚ್ಚಿ ತಲೆದೂಗಿದರು. “ಕೇಳಿ, ಇಲ್ಲಿ ತಾಯಿ ಕಳ್ಕೊಂಡವನ ದುಃಖ ಇದೆ” ಎಂದರು. ಅವರ ತಾಯಿ, ನಮ್ಮ ಅಜ್ಜಿ, ಮೈಸೂರಿನಲ್ಲಿ ತೀರಿಕೊಂಡು ಆರು ತಿಂಗಳಾಗಿತ್ತು. ಅಕ್ಕ ಬೇಡ ಎನ್ನುವಂತೆ ನನ್ನ ಕೈ ಹಿಂಡಿದಳು. ಡಲ್ಲಾಸ್ ಅಂಕಲ್ ಮೊದಲ ಸಲ ಅಪ್ಪನ ಮಾತಿಗೆ ಹೂಂಗುಟ್ಟುತ್ತಿದ್ದರು. ಅಲ್ಲಿಗೇ ಬಿಟ್ಟಿದ್ದರೆ ಅಪ್ಪ ಗೆಲ್ಲುತ್ತಿದ್ದರು.

ನಾನು ಬಿಡಲಿಲ್ಲ. “ಇಟ್ಸ್ ಇಕ್ಕಳ, ಅಪ್ಪಾ. ಅಮ್ಮನ ಕಿಚನ್ ಇಕ್ಕಳ. ಅಕ್ಕ ವಯಲಿನ್ ಟ್ಯೂನ್ ಮಾಡ್ತಿರೋದು” ಎಂದೆ.

ಡಲ್ಲಾಸ್ ಅಂಕಲ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಅರ್ಲಿ ವರ್ಕ್ಸ್ ಯಾವ್ದ್ರೀ, ಸೌಟಾ?” ಎಂದರು. ಅಪ್ಪನೂ ನಕ್ಕರು, ಎಲ್ಲರೂ ನಿಲ್ಲಿಸಿದ ಮೇಲೂ ನಕ್ಕರು. ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅಪ್ಪ ನನ್ನನ್ನು ಬೈಯಲಿಲ್ಲ. ಆಮೇಲೂ ಕೆಲವು ಸಲ ಅಂಗಡಿಗೆ ಹೋದೆವು. ಹೊಸ ಹೆಸರು ಕಂಡರೆ ಅಪ್ಪ ಡಬ್ಬಿ ಕೈಗೆತ್ತಿಕೊಂಡು, ಮೊದಲು ನನ್ನ ಮುಖ ನೋಡುತ್ತಿದ್ದರು. ನಾನು ಹಲ್ಲು ಕಿರಿಯುತ್ತಿದ್ದೆ. ಅವರು ಅದನ್ನು ಇದ್ದಲ್ಲೇ ಇಟ್ಟುಬಿಡುತ್ತಿದ್ದರು.

ಗೊತ್ತಿಲ್ಲದ ಹೆಸರಿನ ಈ ಕಷ್ಟ ಈಗಿನ ಕಾಲದ ನಿಮಗಿಲ್ಲ. ಸಂಗೀತ ಶುರುವಾಗುವ ಮೊದಲೇ ಅದು ಯಾರದು, ಯಾವ ಊರಿನದು ಎಂದು ನಿಮ್ಮ ಕೋಣೆಯ ಮಾತಾಡುವ ಗೋಡೆಯೇ ಹೇಳುತ್ತದೆ. ಆ ಗೋಡೆಗೆ ಎಲ್ಲವೂ ಗೊತ್ತು. ಆದರೂ ಗೊತ್ತಿಲ್ಲದವರನ್ನು ನೋಡಿ ಅದು ನಗುವುದಿಲ್ಲ. ನಾನು ನಕ್ಕಿದ್ದೆ.