ಏನೂ ಇಲ್ಲದ ಜಾಗದ ತಾಯಿ ಜೀರುಂಡೆಗಳು

ನಿವೃತ್ತಿಗೆ ಇನ್ನೂ ಕೆಲವು ವರ್ಷಗಳಿದ್ದಾಗ ನಾನು ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ದಾರಿಯ ಒಂದು ಸಣ್ಣ ಸಂಶೋಧನಾ ಕೇಂದ್ರದಲ್ಲಿ ಹಿರಿಯ ಕೀಟವಿಜ್ಞಾನಿಯಾಗಿದ್ದೆ. ನನ್ನ ವಿಷಯ ಸಗಣಿ ಜೀರುಂಡೆ. ಇದರ ಒಂದು ಜಾತಿಯಲ್ಲಿ ತಾಯಿ ನೆಲದಡಿ ಗೂಡು ತೋಡಿ, ಸಗಣಿಯ ಉಂಡೆ ಕಟ್ಟಿ, ಒಂದೊಂದರಲ್ಲೂ ಒಂದು ಮೊಟ್ಟೆಯಿಡುತ್ತದೆ. ಆಮೇಲೆ ಮರಿಗಳು ಬಲಿಯುವ ತನಕ ಹೊರಗೆ ಬಾರದೆ ಉಂಡೆಗಳನ್ನು ಸವರುತ್ತ ಕೂತಿರುತ್ತದೆ. ತಾಯಿಯನ್ನು ತೆಗೆದರೆ ಉಂಡೆಗೆ ಬೂಷ್ಟು ಹಿಡಿದು ಮರಿ ಸಾಯುತ್ತದೆ.

ಹುಲ್ಲುಗಾವಲಿನ ಎರೆಮಣ್ಣಿನ ತಾಯಿ ಹುಳುಗಳು ಹೀಗೆ ಕೊನೆಯವರೆಗೂ ಕಾಯುತ್ತಿದ್ದವು. ಜಟಿಂಗ ರಾಮೇಶ್ವರ ಗುಡ್ಡದ ಕೆಳಗಿನ ಗರಸು ನೆಲದ ತಾಯಿ ಹುಳುಗಳು ಬೇಗ ಎದ್ದು ಹೋಗುತ್ತಿದ್ದವು; ಆ ಒಣ ನೆಲದಲ್ಲಿ ಬೂಷ್ಟು ಅಷ್ಟಾಗಿ ಹಿಡಿಯುತ್ತಿರಲಿಲ್ಲ. ಇದು ಮಣ್ಣಿನ ಗುಣವೋ, ತಾಯಿಯಿಂದ ಮಗಳಿಗೆ ಜೀನ್ ಮೂಲಕ ಬಂದ ಗುಣವೋ ಎಂಬುದೇ ನಮ್ಮ ಪ್ರಶ್ನೆ. ಎರಡೂ ಕಡೆಯ ಹುಳುಗಳನ್ನು ಲ್ಯಾಬಿನ ಡಬ್ಬಗಳಲ್ಲಿ ಒಂದೇ ಮಣ್ಣು ತುಂಬಿ ಸಾಕಿದೆವು. ಹೆಣ್ಣುಮರಿಗಳೂ ಬೆಳೆದ ಮೇಲೆ ತಮ್ಮ ತಾಯಿಯಂತೆಯೇ ನಡೆದುಕೊಂಡವು. ಗುಣ ರಕ್ತದಲ್ಲಿತ್ತು. ಯಾವ ಜೀನ್, ಅದು ಆ ನೆಲದಲ್ಲೇ ಏಕೆ ಉಳಿಯಿತು ಎಂಬುದು ಇನ್ನೂ ತಿಳಿಯಬೇಕಿತ್ತು.

ಈ ಕೆಲಸದ ಅರ್ಧ ಭಾರ ತಳಿವಿಜ್ಞಾನಿ ನಾಗವೇಣಿಯದು. ಓದುವ ದಿನಗಳಿಂದ ಗೆಳತಿ. ಒಂದೇ ಬುತ್ತಿಯಲ್ಲಿ ಉಂಡವರು. ಹುಲ್ಲುಗಾವಲಿನಲ್ಲಿ ದೇವರಿಗೆ ಬಿಟ್ಟ ಎತ್ತುಗಳನ್ನು ಕಾಯುತ್ತಿದ್ದ ಕಿಲಾರಿ ಬೊಮ್ಮಯ್ಯನವರು ಎತ್ತುಗಳನ್ನು ಕೂಡುವ ತಮ್ಮ ರೊಪ್ಪದ ಪಕ್ಕ ಅಗೆಯಲು ನಮಗೆ ಒಪ್ಪಿಗೆ ಕೊಟ್ಟಿದ್ದರು. ಈ ಮೇಡಂನೋರು ಜಾಗಕ್ಕೆ ಬಂದವರಲ್ಲ, ಹುಳಕ್ಕೆ ಬಂದವರು ಎಂದು ತಮ್ಮವರೆದುರು ನಮ್ಮ ಪರ ವಾದಿಸಿದ್ದವರೂ ಅವರೇ.

ಕೇಂದ್ರಕ್ಕೆ ಹೊಸ ಕಟ್ಟಡ ಬೇಕೆಂಬ ಮಾತು ಎದ್ದಾಗ ಜಾಗ ಆರಿಸುವ ಸಭೆ ನಡೆಯಿತು. ಅದೇ ವಾರ ನನಗೆ ಗುಡ್ಡದ ಕಡೆ ಕೆಲಸವಿತ್ತು. ಸಭೆಗೆ ನಾಗವೇಣಿ ಹೋಗುತ್ತೇನೆಂದಳು. ಅವಳು ಹೋದರೆ ನಾನು ಹೋದಂತೆಯೇ ಎಂದುಕೊಂಡೆ.

ಮಳೆ ನಿಂತ ಮೇಲೆ ರೊಪ್ಪದ ಹತ್ತಿರ ಹೋದಾಗ ಬೊಮ್ಮಯ್ಯನವರು ಎಂದಿನಂತೆ ಕರೆಯಲಿಲ್ಲ. ನಾನೇ ಹತ್ತಿರ ಹೋಗಿ ನಿಂತೆ.

"ಇಲ್ಲಿ ಬೇಲಿ ಬೀಳ್ತೈತಂತೆ ಮೇಡಂ. ಈ ಜಾಗದಾಗೆ ಏನೂ ಇಲ್ಲ ಅಂತ ನಿಮ್ಮೋರೇ ಹೇಳವ್ರಂತೆ. ಹಂಗಾದ್ರೆ ನೀವು ದಿನಾ ಬಗ್ಗಿ ನೋಡ್ತಿದ್ದದ್ದು ಏನನ್ನ?"

ನನಗೇನೂ ಗೊತ್ತಿಲ್ಲವೆಂದೆ. ಅವರು ನಂಬಿದಂತೆ ಕಾಣಲಿಲ್ಲ. ನಂಬಲು ಕಾರಣವಾದರೂ ಏನಿತ್ತು?

ನೇರ ಲ್ಯಾಬಿಗೆ ಬಂದು ನಾಗವೇಣಿಯನ್ನು ಕೇಳಿದೆ. ಅವಳು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದಳು.

"ಹೌದು, ನಾನೇ ಹೇಳಿದೆ. ಅಲ್ಲಿ ಕಟ್ಟದಿದ್ದರೆ ನನ್ನ ಲ್ಯಾಬ್ ಈ ಜನ್ಮದಲ್ಲಿ ಆಗ್ತಿರಲಿಲ್ಲ. ನಮಗೆ ಬೇಕಾದ ಹುಳು ಡಬ್ಬದಲ್ಲಿವೆಯಲ್ಲ."

"ನನಗೊಂದು ಮಾತು ಹೇಳಬಹುದಿತ್ತು."

"ಹೇಳಿದ್ದರೆ ನೀನು ಬಿಡ್ತಿದ್ದೆಯಾ?"

ಸುಳ್ಳು ಹೇಳಿದ್ದಕ್ಕಿಂತ, ನನ್ನನ್ನು ಚೆನ್ನಾಗಿ ಬಲ್ಲ ಕಾರಣಕ್ಕೇ ಮುಚ್ಚಿಟ್ಟಿದ್ದಳೆಂಬುದು ಹೆಚ್ಚು ನೋಯಿಸಿತು. ಆಕ್ಷೇಪಣೆ ಬರೆದುಕೊಟ್ಟೆ. ತಜ್ಞರ ಅಭಿಪ್ರಾಯ ಈಗಾಗಲೇ ಬಂದಿದೆ ಎಂಬ ಉತ್ತರ ಬಂತು. ಜೆಸಿಬಿ ಬಂದು ಮೇಲ್ಮಣ್ಣು ಕೆರೆದ ದಿನ ಒಡೆದ ಉಂಡೆಗಳ ನಡುವೆ ತಾಯಿ ಜೀರುಂಡೆಗಳು ಓಡದೆ, ಉಳಿದ ಚೂರುಗಳಿಗೇ ಅಂಟಿಕೊಂಡಿದ್ದವು. ಬೊಮ್ಮಯ್ಯನವರು ಎತ್ತುಗಳನ್ನು ಬೇರೆ ಕಡೆ ಹೊಡೆದುಕೊಂಡು ಹೋಗಿದ್ದರು.

ಡಬ್ಬದ ಹುಳುಗಳೂ ನಮಗೆ ಒದಗಲಿಲ್ಲ. ಅಲ್ಲಿ ಬೂಷ್ಟು ಬಾರದಂತೆ ನಾವೇ ನೋಡಿಕೊಳ್ಳುತ್ತಿದ್ದುದರಿಂದ ಬೇಗ ಎದ್ದು ಹೋಗುವ ತಾಯಿಗೂ ನಷ್ಟವಿರಲಿಲ್ಲ; ಅಂಥವುಗಳ ಮರಿಗಳೂ ಬದುಕಿದವು. ಕೆಲವು ತಲೆಮಾರು ಕಳೆಯುವಷ್ಟರಲ್ಲಿ ಕಾಯುವ ಗುಣ ತೆಳುವಾಯಿತು. ಹೋಲಿಸಿ ನೋಡಲು ಹುಲ್ಲುಗಾವಲಿನ ಆ ನೆಲ ಉಳಿದಿರಲಿಲ್ಲ. ನಾಗವೇಣಿಯ ಲ್ಯಾಬ್ ಎದ್ದಿತು, ನಮ್ಮ ಪ್ರಶ್ನೆ ಅರ್ಧದಲ್ಲೇ ನಿಂತಿತು. ಕೆಲಸದ ಮಾತು ಬಿಟ್ಟರೆ ನಾವಿಬ್ಬರೂ ಮತ್ತೆ ಮಾತಾಡಲಿಲ್ಲ.

ಬೊಮ್ಮಯ್ಯನವರನ್ನು ಹುಡುಕಿಕೊಂಡು ಹೋಗಿ ನಡೆದದ್ದೆಲ್ಲ ಹೇಳಿದೆ. ಅವರು ಕೇಳಿಸಿಕೊಂಡರು, ಕೂತುಕೊಳ್ಳಿ ಎನ್ನಲಿಲ್ಲ. ಆಮೇಲೆ ಬೇರೆ ಎಷ್ಟೋ ಕಡೆ ಅಗೆದಿದ್ದೇನೆ. ಆದರೆ ನೆಲದ ಮಾತು ಬಂದ ಸಭೆಗೆ ನನ್ನ ಬದಲು ಮತ್ತೊಬ್ಬರನ್ನು ಎಂದೂ ಕಳಿಸಲಿಲ್ಲ. ಅಗೆಯಲು ಒಪ್ಪಿಗೆ ಕೊಟ್ಟವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾತಾಡಿದೆ. ವೃತ್ತಿ ನನಗೆ ಕಲಿಸಿದ್ದು ಇಷ್ಟೇ.