ತೊಳೆದ ಮಣ್ಣು

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಫಿನಾಯಿಲಮ್ಮ ಎಂದೇ ಕರೆಯುತ್ತಿದ್ದರು. ಹೆರಿಗೆ ವಾರ್ಡಿನ ನೆಲ ಒರೆಸುವುದರಲ್ಲಿ ಅವಳದು ಎತ್ತಿದ ಕೈ. ದೊಡ್ಡ ಡಾಕ್ಟರು ಬೂಟು ಹಾಕಿಕೊಂಡು ಒಳಗೆ ಬಂದರೂ ಬಿಡುತ್ತಿರಲಿಲ್ಲ. "ಸಾರ್, ಕಾಲು" ಎಂದು ಒರೆಸುವ ಕೋಲನ್ನೇ ಅಡ್ಡ ಹಿಡಿಯುತ್ತಿದ್ದಳು. ಮಣ್ಣೆಂದರೆ ಕೊಳೆ, ಕೊಳೆಯೆಂದರೆ ರೋಗ. ತಲೆ ನರೆಯುವವರೆಗೆ ದುಡಿದು ಅವಳು ಕಲಿತ ವಿದ್ಯೆ ಅಷ್ಟೇ. ಇಂಥವಳು ಮನೆಯಲ್ಲಿ ಗಿಡ ಬೆಳೆಸಲು ಹೊರಟಳೆಂದರೆ ಯಾರಿಗಾದರೂ ನಗು ಬರಬೇಕು. ಕಾರಣ ಗೊತ್ತಿದ್ದವರು ಮಾತ್ರ ನಗಲಿಲ್ಲ.

ಕಾರಣ, ಮಗಳು. ಹೆರಿಗೆಗೆಂದು ತಾಯಿಯ ಮನೆಗೆ ಬಂದಿದ್ದವಳು ಅದೇ ವಾರ್ಡಿನಲ್ಲಿ ಹೆತ್ತಳು. ಮಗು ಅಳಲಿಲ್ಲ. ಡಾಕ್ಟರು ಕನ್ನಡಕ ತೆಗೆದು, "ಕೆಲವು ಸಲ ಹೀಗಾಗುತ್ತಮ್ಮ, ಕಾರಣ ಹೇಳೋಕಾಗಲ್ಲ" ಎಂದರು. ಅಂದಿನಿಂದ ಮಗಳು ಒಳಕೋಣೆಯ ಮಂಚ ಹಿಡಿದವಳು ಮೇಲೇಳಲಿಲ್ಲ. ತಟ್ಟೆ ಇಟ್ಟರೆ ಎರಡು ತುತ್ತು, ಇಡದಿದ್ದರೆ ಅದೂ ಇಲ್ಲ. ಲಾರಿ ಓಡಿಸುವ ಅಳಿಯ ರಜೆಯ ದಿನ ಬಂದು, ಬಾಗಿಲಲ್ಲೇ ನಿಂತು ನೋಡಿ ಹಿಂದಿರುಗುತ್ತಿದ್ದ. ಹೀಗೇ ಹೋದರೆ ಮಗಳೂ ಕೈಬಿಟ್ಟು ಹೋಗುತ್ತಾಳೆಂದು ತಾಯಿ ಹೆದರಿ ಹಣ್ಣಾಗಿದ್ದಳು.

"ನಾಲ್ಕು ಬೀಜ ಹಾಕಿ ಆಯಮ್ಮ," ಎಂದಳು ವಾರ್ಡಿನ ನರ್ಸು. "ನೋಡ್ಕೊಳ್ಳೋಕೆ ಅಂತ ಏನಾದ್ರೂ ಇದ್ರೆ ತಾನಾಗೇ ಎದ್ದು ಬರ್ತಾಳೆ."

ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಫಿನಾಯಿಲಮ್ಮ ಹಿಡಿ ಮುರಿದ ಎರಡು ಬಕೆಟ್ ತಂದು, ಕಾಯಿಸಿದ ಮೊಳೆಯಿಂದ ತಳಕ್ಕೆ ತೂತು ಮಾಡಿದಳು. ಪಕ್ಕದ ಬೀದಿಯ ಖಾಲಿ ಸೈಟಿನಿಂದ ಮಣ್ಣು ಹೊತ್ತು ಮೂರು ಮಹಡಿ ಹತ್ತಿದಳು. ಬಟ್ಟೆ ಒಣಗಿಸುವ ಬಾಲ್ಕನಿಯಲ್ಲಿ ಸುರಿದು ನೋಡಿದರೆ ಕೊಳೆತ ಎಲೆ, ಇರುವೆ, ಒಂದು ಎರೆಹುಳು. ಜೀವ ಝಲ್ಲೆಂದಿತು. ಪಕ್ಕದ ಕೋಣೆಯಲ್ಲಿ ಹಸಿ ಮೈಯ ಮಗಳು, ಇಲ್ಲಿ ಈ ಹೊಲಸು! ಮಣ್ಣನ್ನು ಜರಡಿ ಹಿಡಿದಳು. ಕುದಿಯುವ ನೀರು ಹೊಯ್ದಳು. ಮನಸ್ಸು ನಿಲ್ಲದೆ ಒಂದು ಮುಚ್ಚಳ ಫಿನಾಯಿಲ್ ಸುರಿದಳು, ಆಮೇಲೆ ಇನ್ನೊಂದು ಮುಚ್ಚಳ. ಬಿಸಿಲಿಗೆ ಹರಡಿ ಒಣಗಿಸಿ ಬಕೆಟ್ಟಿಗೆ ತುಂಬಿದಾಗ ಮಣ್ಣು ವಾರ್ಡಿನ ನೆಲದಷ್ಟೇ ಚೊಕ್ಕಟವಾಗಿತ್ತು. ವಾಸನೆ ಬರಲಿಲ್ಲವೇ ಎಂದು ಕೇಳಬಹುದು. ಆ ಮನೆಯಲ್ಲಿ ಎಲ್ಲಕ್ಕೂ ಅದೇ ವಾಸನೆ. ಮೂಗುಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಟ್ಟಿದ್ದವು.

ಬಕೆಟ್ ಎಳೆಯುವ ಸದ್ದಿಗೆ ಮಗಳು ಗೋಡೆ ಹಿಡಿದುಕೊಂಡು ಬಂದು ನಿಂತಳು.

"ಏನಮ್ಮ ಅದು?"

ಎಷ್ಟು ಕಾಲವಾಗಿತ್ತೋ ಅವಳು ತಾನಾಗಿ ಒಂದು ಮಾತು ಕೇಳಿ! "ಬೀನ್ಸ್ ಹಾಕೋಣ ಅಂತ ಮರಿ. ನಂಗೆ ಬರಲ್ಲ, ನೀನೇ ಹಾಕ್ತೀಯಾ?"

ಮಗಳು ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಬೀಜವನ್ನು ಬೆರಳಿನಿಂದ ಒತ್ತಿ, ಮೇಲೆ ಮಣ್ಣೆಳೆದು ಅಂಗೈಯಿಂದ ತಟ್ಟಿದಳು. ತಾಯಿ ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತಳು.

ಅಲ್ಲಿಂದ ಬೆಳಗಾದರೆ ಮಗಳು ಬಾಲ್ಕನಿಯಲ್ಲಿರುತ್ತಿದ್ದಳು. ಲೋಟದಲ್ಲಿ ನೀರು ತಂದು ಚಿಮುಕಿಸುತ್ತಿದ್ದಳು. ಒಂದು ದಿನ ತಲೆ ಬಾಚಿಕೊಂಡಳು. ಇನ್ನೊಂದು ದಿನ, "ಬಿಸಿಲು ಸಾಲಲ್ವೇನೋ, ಈ ಕಡೆ ತಿರುಗಿಸ್ಲಾ?" ಎಂದು ಕೇಳಿದಳು. ತಾಯಿಗೆ ಸ್ವರ್ಗ ಮೂರೇ ಗೇಣು. ಈ ಭಾಗ್ಯಕ್ಕೆ ಎಲ್ಲಿ ಹುಳ ಹತ್ತೀತೋ ಎಂದು, ಮಗಳು ಸ್ನಾನಕ್ಕೆ ಹೋದಾಗ ಆಗಾಗ ಒಂದಿಷ್ಟು ಫಿನಾಯಿಲ್ ನೀರನ್ನು ಬಕೆಟ್ಟಿಗೂ ಹಾಕುತ್ತಿದ್ದಳು. ಅತಿಯಾದರೆ ಅಮೃತವೂ ವಿಷ ಎನ್ನುತ್ತಾರೆ; ಇದು ಅಮೃತವೂ ಆಗಿರಲಿಲ್ಲ.

ಮೊಳಕೆ ಬರಲಿಲ್ಲ. ಕಾದು ಕಾದು, ಕೊನೆಗೆ ಮಗಳು ಬೆರಳಿನಿಂದ ಮಣ್ಣು ಕೆದಕಿದಳು. ಬೀಜ ಉಬ್ಬಿ, ಕಪ್ಪಾಗಿ, ಮುಟ್ಟಿದರೆ ಕಿವುಚಿಹೋಗುವಂತಿತ್ತು.

"ಇದೂ ಒಳಗೇ ಸತ್ತಿದೆ," ಎಂದಳು.

ತಾಯಿ ಓಡೋಡಿ ಆಸ್ಪತ್ರೆಯ ಮಾಲಿಯನ್ನು ಕಾಡಿ ಬೇಡಿ ಒಂದು ಟೊಮೆಟೊ ಸಸಿ ತಂದು ಅದೇ ಬಕೆಟ್ಟಿನಲ್ಲಿ ನೆಟ್ಟಳು. ಅದು ಎರಡು ದಿನ ನಿಂತು, ಆಮೇಲೆ ಎಲೆ ಮುದುರಿ ಒರಗಿತು. ಮಗಳು ಲೋಟವನ್ನು ಬಾಲ್ಕನಿಯಲ್ಲೇ ಬಿಟ್ಟು ಒಳಗೆ ಹೋದಳು. "ನನ್ನ ಕೈಗೆ ಬಂದದ್ದು ಯಾವುದೂ ಬದುಕಲ್ಲ ಬಿಡಮ್ಮ." ಮತ್ತೆ ಅದೇ ಮಂಚ, ಅದೇ ಗೋಡೆ.

ಮರುದಿನ ಫಿನಾಯಿಲಮ್ಮ ಒಂದು ಹಿಡಿ ಮಣ್ಣನ್ನು ಕವರಿನಲ್ಲಿ ಕಟ್ಟಿಕೊಂಡು ಹೋಗಿ ಮಾಲಿಯ ಮುಂದೆ ಬಿಚ್ಚಿದಳು. ಅವನು ಮೂಸಿ ನಕ್ಕುಬಿಟ್ಟ. "ಏನ್ ಆಯಮ್ಮ, ವಾರ್ಡ್ ಒರೆಸಿ ಇದರೊಳಗೆ ಹಿಂಡಿದ್ರಾ? ಇದ್ರಲ್ಲಿ ಕಳೆನೂ ಹುಟ್ಟಲ್ಲ!" ಅವಳ ಮುಖ ನೋಡಿ ನಗು ನಿಲ್ಲಿಸಿದ.

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೂ ಮನೆಗೆ ನಡೆಯುವಾಗ ಹೆಜ್ಜೆಗೆ ಒಂದಿಷ್ಟು ಬಲ ಬಂತು. ಸದ್ಯ, ತಪ್ಪು ಮಗಳದಲ್ಲ! ಇಷ್ಟು ಗೊತ್ತಾದರೆ ಸಾಕು, ಹುಡುಗಿ ಎದ್ದು ಕೂರುತ್ತಾಳೆ. ಚಪ್ಪಲಿಯನ್ನೂ ಬಿಡದೆ ನೇರ ಕೋಣೆಗೆ ಹೋಗಿ ಮಂಚದ ಅಂಚಿನಲ್ಲಿ ಕೂತಳು.

"ನಿನ್ನ ಕೈ ಅಲ್ಲ ಮರಿ, ನನ್ನ ಕೈ. ನಾನೇ ಮಣ್ಣಿಗೆ ಫಿನಾಯಿಲ್ ಹಾಕ್ದೆ. ಅದಕ್ಕೇ ಹುಟ್ಟಲಿಲ್ಲ. ನಿನ್ನದೇನೂ ತಪ್ಪಿಲ್ಲ."

ಮಗಳು ಗೋಡೆಯ ಕಡೆಯಿಂದ ಹೊರಳಿ ಎದ್ದು ಕೂತಳು. ಅಮ್ಮನ ಮುಖವನ್ನು, ಆಮೇಲೆ ಅವಳ ಬಿರುಕುಬಿಟ್ಟ ಬೆರಳುಗಳನ್ನು ನೋಡಿದಳು.

"ನಾನು ಬಸುರಿ ಇದ್ದಾಗ ನೀನು ಈ ಕೋಣೆ ದಿನಾ ಒರೆಸ್ತಿದ್ದೆ ಅಲ್ವಾ?"

"ಅದು ಬೇರೆ ಮರಿ... ಡಾಕ್ಟರು ಹೇಳಿದ್ರಲ್ಲ..."

"ಡಾಕ್ಟರು ಕಾರಣ ಗೊತ್ತಿಲ್ಲ ಅಂದ್ರು. ಒರೆಸ್ತಿದ್ಯೋ ಇಲ್ವೋ?"

ಅದರಿಂದ ಹಾಗೆಲ್ಲ ಆಗುವುದಿಲ್ಲ ಎಂದು ತಾಯಿ ಹೇಳಬೇಕಿತ್ತು. ಆದರೆ ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತೇ? ಬೀಜಕ್ಕೂ ಏನೂ ಆಗುವುದಿಲ್ಲವೆಂದೇ ಅವಳು ನಂಬಿದ್ದಳು.

"ಒರೆಸ್ತಿದ್ದೆ," ಎಂದಳು.

ಮಗಳು ಅಳಲಿಲ್ಲ, ಬೈಯಲಿಲ್ಲ. ಫೋನು ತೆಗೆದುಕೊಂಡು, ಬಂದು ಕರೆದುಕೊಂಡು ಹೋಗು ಎಂದು ಗಂಡನಿಗೆ ಹೇಳಿದಳು. ಸಂಜೆ ಅವನು ಬಂದಾಗ ಹಾಸಿಗೆ ಬಿಟ್ಟೆದ್ದು, ತಾನೇ ಬಟ್ಟೆ ಮಡಚಿ ಚೀಲ ತುಂಬಿದಳು. ಮೆಟ್ಟಿಲ ಬಳಿ ತಾಯಿ ಚೀಲ ಹಿಡಿಯಲು ಕೈ ಚಾಚಿದಳು.

"ಬೇಡಮ್ಮ," ಎಂದಳು ಮಗಳು ಮೆಲ್ಲಗೆ, ಚೀಲವನ್ನು ಎದೆಗೆ ಒತ್ತಿಕೊಂಡು. "ನೀನು ಮುಟ್ಟಬೇಡ."